ಕೂತವರ ಎಡಗಡೆ

“ಬಲಕ್ಕೆ!” ಎಂದ ಫೋಟೋದವನು. ಅವನ ಹೆಂಡತಿ ವ್ಯಾನನ್ನು ಎಡಕ್ಕೆ ತಿರುಗಿಸಿದಳು.

ಜಗಳವಾಡಿ ತಿರುಗಿಸಿದ್ದಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ನಡೆದುಬಂದ ಕ್ರಮವೇ ಹಾಗೆ. ಅವನು ತನ್ನ ಸ್ಟುಡಿಯೋದಲ್ಲಿ ದಿನವಿಡೀ ಜನರನ್ನು ಸ್ಟೂಲಿನ ಮೇಲೆ ಕೂರಿಸಿ, ಎದುರಿಗೆ ನಿಂತು, “ಮುಖ ಸ್ವಲ್ಪ ಎಡಕ್ಕೆ... ಗದ್ದ ಮೇಲೆ... ಅಲ್ಲಾಡ್ಬೇಡಿ” ಎನ್ನುವವನು. ಕೂತವರ ಎಡಗಡೆ ಅವನ ಬಲಗಡೆ. ಹೇಳಿ ಹೇಳಿ, ತನ್ನ ಬಲಗೈಯನ್ನೇ ಎಡಗೈ ಎನ್ನುವಷ್ಟು ನಾಲಿಗೆ ಪಳಗಿಹೋಗಿತ್ತು. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದದ್ದೂ ಇದರಿಂದಲೇ. ಮೂರನೆಯ ಸಲ ಪರೀಕ್ಷೆ ಮಾಡುವವರು ಅರ್ಧ ದಾರಿಯಲ್ಲೇ ಇಳಿದು ನಡೆದುಕೊಂಡು ಹೋದರಂತೆ. ಹಾಗಾಗಿ ವ್ಯಾನು ಹೆಂಡತಿಯ ಪಾಲಿಗೆ, ನಕ್ಷೆ ಅವನ ಪಾಲಿಗೆ ಬಂತು. “ಅವನ ಮಾತು ಕೇಳಬೇಡ, ಕೈ ನೋಡು” ಎಂಬುದು ಮನೆಯ ಕಾನೂನಾಯಿತು. ಕೈ ನೋಡಲು ಆಗದಿದ್ದಾಗ ಹೇಳಿದ್ದಕ್ಕೆ ಉಲ್ಟಾ ಹೋದರೆ ಸಾಕು.

ಈ ಸಲ ಕೈ ಕಾಣಲಿಲ್ಲ. ಅದು ನಕ್ಷೆಯ ಅಡಿಯಲ್ಲಿತ್ತು.

ವ್ಯಾನಿನ ಹೆಸರು ಡಬ್ಬಿ. ಹಿಂದೆ ಯಾರದೋ ಲಾಂಡ್ರಿಯ ಬಟ್ಟೆ ಹೊರುತ್ತಿದ್ದ ಗಾಡಿ. ಒಳಗಿನ ಮಂಚ, ಬೀರು, ಮಡಚುವ ಮೇಜು ಎಲ್ಲವನ್ನೂ ಫೋಟೋದವನು ಭಾನುವಾರ ಭಾನುವಾರ ಕೂತು ತಾನೇ ಮಾಡಿದ್ದ. ಬೀರು ಹಿಂದಿನ ಕಿಟಕಿಯನ್ನು ಪೂರ್ತಿ ಮುಚ್ಚಿತ್ತು. ಮೇಜಿನ ಒಂದು ಕಾಲು ಗಿಡ್ಡವಾಗಿತ್ತು. ಆದರೂ ಆ ಮೇಜನ್ನು ಅವನು ಮಗಳಷ್ಟೇ ಪ್ರೀತಿಸುತ್ತಿದ್ದ; ಹಾಗಂತ ಮಗಳೇ ದೂರುತ್ತಿದ್ದಳು.

ಹೆಂಡತಿಗೆ ಮಾತ್ರ ಡಬ್ಬಿ ಸಾಕಾಗಿತ್ತು. ವಾರವೆಲ್ಲ ಶಾಲೆಯ ಬಸ್ಸು ಓಡಿಸಿ, ನಲವತ್ತು ಮಕ್ಕಳ ಗಲಾಟೆ ಕೇಳಿ, ರಜೆಯಲ್ಲೂ ಸ್ಟೇರಿಂಗ್ ಹಿಡಿದು ದಾರಿ ತಪ್ಪುವುದೆಂದರೆ ಯಾರಿಗೆ ತಾನೇ ಬೇಸರ ಬರದು? ಒಂಬತ್ತು ವರ್ಷದಿಂದ ಹೊರಟಿದ್ದು ಒಂದೇ ಕೆರೆಗೆ. ಹೊತ್ತು ಮುಳುಗುವ ಮೊದಲು ಒಮ್ಮೆಯೂ ಮುಟ್ಟಿರಲಿಲ್ಲ. ಕೊನೆಗೆ ಅವಳೇ ರಟ್ಟಿನ ಮೇಲೆ ‘ಮಾರಾಟಕ್ಕಿದೆ’ ಎಂದು ದಪ್ಪಗೆ ಬರೆದು ಮುಂದಿನ ಗಾಜಿಗೆ ಸಿಕ್ಕಿಸಿದಳು. ಕೋಳಿ ಸಾಕುವವನೊಬ್ಬ ಬಂದು, ಬೀರನ್ನು ತಟ್ಟಿ ನೋಡಿ, “ಮೂವತ್ತು ಕೋಳಿ ಆರಾಮಾಗಿ ಮಲಗ್ತವೆ, ಸೋಮವಾರ ಬರ್ತೀನಿ” ಎಂದು ಹೋದ.

ಆ ರಾತ್ರಿ ಗಂಡ ಅನ್ನ ಸರಿಯಾಗಿ ಉಣ್ಣಲಿಲ್ಲ. ಅದನ್ನು ನೋಡಲಾರದೆ ಅವಳೇ ಒಂದು ಪಂದ್ಯ ಕಟ್ಟಿದಳು. “ಈ ಶನಿವಾರ ಸೂರ್ಯ ಮುಳುಗೋದ್ರೊಳಗೆ ಕೆರೆ ತೋರ್ಸಿ. ಡಬ್ಬಿ ಇರ್ಲಿ. ಇಲ್ಲಾಂದ್ರೆ ಕೋಳಿಗೆ.”

ಈಗ ಆ ಶನಿವಾರ ಸಂಜೆ. ಡಬ್ಬಿ ಎರಡೂ ಕಡೆ ಬೇಲಿ ಒತ್ತಿಕೊಂಡ ಇಕ್ಕಟ್ಟಿನ ಮಣ್ಣುದಾರಿಯಲ್ಲಿ ಗುಡ್ಡ ಹತ್ತುತ್ತಿತ್ತು. ಫೋಟೋದವನು ತನ್ನ ಎಡಗೈ ಮಣಿಕಟ್ಟಿನ ಕೆಂಪು ರಬ್ಬರ್ ಬ್ಯಾಂಡನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ. ಏದುಸಿರು ಬಿಡುತ್ತ ಹತ್ತಿದ ಡಬ್ಬಿ ಒಂದು ತುಕ್ಕು ಹಿಡಿದ ಗೇಟಿನ ಮುಂದೆ ನಿಂತಿತು. ಗೇಟಿಗೆ ಬೀಗ. ಆಚೆಗೆ ಪಾಳು ಬಿದ್ದ ಕಲ್ಲುಕ್ವಾರಿ.

“ಇದೇನಾ ಕೆರೆ?” ಎಂದಳು ಹೆಂಡತಿ.

“ನಾನು ಬಲಕ್ಕೆ ಅಂದೆ,” ಎಂದ ಅವನು ಮೆಲ್ಲಗೆ.

“ಅದಕ್ಕೇ ಎಡಕ್ಕೆ ಬಂದೆ.”

“ಈ ಸಲ ಬಲ ಅಂದ್ರೆ ಬಲಾನೇ.” ಅವನು ಕೆಂಪು ಬ್ಯಾಂಡ್ ಕಟ್ಟಿದ ಕೈ ಎತ್ತಿ ತೋರಿಸಿದ. “ಇದು ಎಡ. ಒಂದು ವಾರದಿಂದ ಬಾತ್‌ರೂಮಲ್ಲಿ ಬಾಯಿಪಾಠ ಮಾಡಿದೀನಿ.”

ಇಬ್ಬರ ನಡುವೆ ಕೂತಿದ್ದ ಮಗಳು ಕಣ್ಣರಳಿಸಿದಳು. “ಅಂದ್ರೆ ಅಪ್ಪ ಸರಿಯಾಗಿ ಹೇಳ್ದಾ? ಅಪ್ಪಾನಾ?”

“ಮತ್ತೆ ತಿರುಗಿಸ್ದಾಗ ಬಾಯಿ ಬಿಡೋಕೇನಾಗಿತ್ತು ನಿಮ್ಗೆ?” ಹೆಂಡತಿಯ ದನಿ ಏರಿತು.

“ನಂದೇ ತಪ್ಪಿರ್ಬೇಕು ಅಂದ್ಕೊಂಡೆ. ಯಾವಾಗ್ಲೂ ನಂದೇ ಅಲ್ವಾ?”

ಅವನು ಕೊಂಕು ನುಡಿಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅದಕ್ಕೇ ಅವಳಿಗೆ ಅದು ಚುರುಕ್ಕೆಂದಿತು. “ಅಲ್ಲೊಂದು ಬೋರ್ಡಾದ್ರೂ ಹಾಕ್ಬಾರ್ದಾ ಈ ಜನ?” ಎಂದು ಯಾರನ್ನೋ ಬೈದಳು.

ಹಿಂದಿನ ಮಂಚದ ಮೇಲೆ ಕಾಲು ಚಾಚಿ ಕಡಲೆಕಾಯಿ ಸುಲಿಯುತ್ತಿದ್ದ ಅವಳ ತಾಯಿ ಆಗ ಬಾಯಿ ತೆರೆದರು. “ಕುಣೀಲಾರದವಳು ನೆಲ ಡೊಂಕು ಅಂದ್ಳಂತೆ. ಅಳಿಯಂದ್ರು ಸರಿಯಾಗೇ ಹೇಳಿದಾರೆ. ಮೊದ್ಲು ಹಿಂದಕ್ಕೆ ತೆಗಿ, ಹೊತ್ತು ಇಳೀತಾ ಇದೆ.”

ಹೇಳುವುದು ಸುಲಭ. ಡಬ್ಬಿ ತಿರುಗಲು ಅಲ್ಲಿ ಜಾಗವಿರಲಿಲ್ಲ. ಕವಲಿನವರೆಗೂ ಅರ್ಧ ಮೈಲಿ ಹಿಂದಕ್ಕೇ ಇಳಿಯಬೇಕು. ಹಿಂದಿನ ಕಿಟಕಿಗೆ ಬೀರು ಅಡ್ಡ, ಪಕ್ಕದ ಕನ್ನಡಿಗಳಲ್ಲಿ ಬರೀ ಬೇಲಿಯ ಎಲೆ. ಬಸ್ಸನ್ನು ಎಂಥ ಸಂದಿಯಲ್ಲೂ ನುಗ್ಗಿಸುವ ಹೆಂಗಸು ಮೊದಲ ಸಲ ಅಂಗೈ ಬೆವರನ್ನು ಸೀರೆಗೆ ಒರೆಸಿಕೊಂಡಳು.

ಫೋಟೋದವನು ಇಳಿದು ಡಬ್ಬಿಯ ಮುಂದೆ ನಿಂತ. ಅವನು ನಿಂತದ್ದು ಏರಿನ ಕಡೆ, ಡಬ್ಬಿ ಇಳಿಯಬೇಕಾದ್ದು ಇಳಿಜಾರಿಗೆ. ಅದರ ತಲೆಯ ಮೇಲಿಂದ ಇಡೀ ದಾರಿ ಅವನಿಗೆ ಕಾಣುತ್ತಿತ್ತು. ಗಾಜಿನಾಚೆ ಅವನ ಹೆಂಡತಿ ಕೂತಿದ್ದಳು, ಅವನಿಗೆ ಎದುರಾಗಿ, ಸ್ಟೂಲಿನ ಮೇಲೆ ಕೂತ ಗಿರಾಕಿಯ ಹಾಗೆ.

ಅವನು ಕೆಂಪು ರಬ್ಬರ್ ಬ್ಯಾಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡ.

“ಸ್ವಲ್ಪ ಎಡಕ್ಕೆ,” ಎಂದ. ಅವಳು ಒಂದು ಕ್ಷಣ ತಡೆದಳು. ಉಲ್ಟಾನೋ, ಸೀದಾನೋ? ಅವನ ಮುಖ ನೋಡಿದಳು. ಅನುಮಾನದ ಗೆರೆಯೇ ಇರಲಿಲ್ಲ. ಎಡಕ್ಕೇ ತಿರುಗಿಸಿದಳು. ಡಬ್ಬಿಯ ಬಾಲ ಬೇಲಿಯಿಂದ ಮೆತ್ತಗೆ ಬಿಡಿಸಿಕೊಂಡಿತು.

“ಹಾಗೇ... ಬಲಕ್ಕೆ ಒಂದು ಕೂದ್ಲೆಳೆ... ಸಾಕು. ಗದ್ದ ಮೇಲೆ, ಯಾಕಷ್ಟು ಬಿಗಿ ಹಿಡ್ದಿದೀಯ? ಭುಜ ಸಡಿಲ ಬಿಡು. ಹೂಂ, ಅಲ್ಲಾಡ್ಬೇಡ.”

“ನಾನು ಅಲ್ಲಾಡ್ದೆ ಗಾಡಿ ಹ್ಯಾಗ್ರೀ ಹೋಗುತ್ತೆ?” ಎಂದು ಅವಳು ಕಿಟಕಿಯಿಂದ ಕೂಗಿದಳು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜಿಯ ಕಡಲೆಕಾಯಿ ಮಂಚದ ಮೇಲೆಲ್ಲ ಚೆಲ್ಲಿತು.

ಅರ್ಧ ಮೈಲಿಯುದ್ದಕ್ಕೂ ಅವನು ಎದುರಿಗೆ ನಡೆದುಕೊಂಡು ಬಂದ. ಒಮ್ಮೆಯೂ ತಪ್ಪಲಿಲ್ಲ. ಮೊದಮೊದಲು ಅವನ ಒಂದೊಂದು ಮಾತನ್ನೂ ತೂಗಿ ನೋಡುತ್ತಿದ್ದವಳು, ಆಮೇಲಾಮೇಲೆ ಕೇಳಿದ ಹಾಗೆ ತಿರುಗಿಸುತ್ತ ಹೋದಳು. ಹದಿನಾರು ವರ್ಷ ತಾನು ಅವನ ಪಕ್ಕದಲ್ಲಿ ಕೂತು ಅವನ ಮಾತು ಕೇಳಿದ್ದಳೇ ಹೊರತು ಎದುರಿಗೆ ಕೂತು ಕೇಳಿರಲಿಲ್ಲ ಎಂದು ಅವಳಿಗೆ ಹೊಳೆಯಿತು. ಹೊಳೆದು, ಸ್ವಲ್ಪ ನಾಚಿಕೆಯೂ ಆಯಿತು.

ಕವಲಿನಿಂದ ಬಲಕ್ಕೆ ಹೋದರೆ ಕೆರೆ ಬರೀ ಹತ್ತು ನಿಮಿಷದ ದಾರಿ. ಆದರೆ ಹತ್ತು ನಿಮಿಷ ಹತ್ತು ನಿಮಿಷವೇ. ಅವರು ಇಳಿಯುವಾಗ ಸೂರ್ಯ ಮುಳುಗಿಯಾಗಿತ್ತು. ನೀರಿನ ಮೇಲೆ ಕಿತ್ತಳೆ ಬಣ್ಣ ಮಾತ್ರ ಉಳಿದಿತ್ತು.

ಫೋಟೋದವನು ದಡದಲ್ಲಿ ನಿಂತು ನೋಡಿದ. “ಹೋಯ್ತು,” ಎಂದ. “ಆದ್ರೆ ಕೆರೆ ಚೆನ್ನಾಗೇ ಇದೆ, ಅಲ್ವಾ? ಪಾಪ, ಕೋಳಿಗಳೂ ಚೆನ್ನಾಗಿರ್ಲಿ.” ನಗಲು ನೋಡಿದ, ಆಗಲಿಲ್ಲ. ಒಳಗೆ ಹೋಗಿ ಬೀರಿನ ಬಾಗಿಲನ್ನು ಸುಮ್ಮನೆ ಒಮ್ಮೆ ತೆರೆದು ಮುಚ್ಚಿದ.

ಹೆಂಡತಿ ಮಡಚುವ ಮೇಜನ್ನು ತಂದು ದಡದಲ್ಲಿ ಬಿಡಿಸಿದಳು. ಮಗಳು ಫ್ಲಾಸ್ಕಿನ ಟೀ ಬಗ್ಗಿಸಿದಳು. ಎಂದಿನಂತೆ ಮೇಜು ಗಿಡ್ಡ ಕಾಲಿನ ಕಡೆಗೆ ವಾಲಿತು, ಲೋಟಗಳು ಜಾರತೊಡಗಿದವು, ಅಜ್ಜಿ ಎರಡನ್ನು ಹಿಡಿದರು.

“ತಡೀರಿ,” ಎಂದಳು ಹೆಂಡತಿ. ಡಬ್ಬಿಯ ಹತ್ತಿರ ಹೋಗಿ ಮುಂದಿನ ಗಾಜಿಗೆ ಸಿಕ್ಕಿಸಿದ್ದ ರಟ್ಟನ್ನು ಎಳೆದುಕೊಂಡು ಬಂದಳು. ಅದನ್ನು ಎರಡಾಗಿ ಮಡಿಸಿ, ಮೊಣಕಾಲಿನ ಮೇಲಿಟ್ಟು ಒತ್ತಿ ನಾಲ್ಕಾಗಿ ಮಡಿಸಿ, ಬಗ್ಗಿ ಗಿಡ್ಡ ಕಾಲಿನ ಅಡಿಗೆ ತುರುಕಿದಳು.

ಫೋಟೋದವನು ಬಾಗಿಲಲ್ಲೇ ನಿಂತುಬಿಟ್ಟಿದ್ದ.

“ಬನ್ನಿ, ಟೀ ಆರುತ್ತೆ,” ಎಂದಳು. “ನನ್ನ ಎಡಗಡೆ ಕೂತ್ಕೊಳ್ಳಿ.”

ಅವನು ಬಂದು ಅವಳ ಬಲಗಡೆ ಕೂತ. ಯಾರೂ ತಿದ್ದಲಿಲ್ಲ. ಮೇಜಿನ ಮೇಲೆ ನಾಲ್ಕು ಲೋಟ ಟೀ ಅಲ್ಲಾಡದೆ ನಿಂತಿದ್ದವು.