ಕೂಸಿಲ್ಲದ ಬಾಣಂತನ

ನನ್ನ ಅತ್ತೆ ದಾನವ್ವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಊರಿಗೆ ಕಳಿಸುತ್ತಿದ್ದೆ. ಪ್ರೀತಿ ಮಾಡುವವರ ಜೊತೆ ಜಗಳವನ್ನು ಎಲ್ಲಿಂದ ಶುರು ಮಾಡುವುದು?

ಗರ್ಭ ಕಟ್ಟಬೇಕಾದಲ್ಲಿ ಕಟ್ಟದೆ ನಳಿಕೆಯಲ್ಲೇ ನಿಂತಿತ್ತು. ಅದು ಒಡೆದು, ಹೊಟ್ಟೆಯೊಳಗೆ ರಕ್ತ ತುಂಬಿ, ಮಲಾಡಿನ ಆಫೀಸಿನಲ್ಲಿ ಕುಸಿದುಬಿದ್ದ ನನ್ನನ್ನು ಆಪರೇಷನ್ ಮಾಡಿ ಉಳಿಸಿದರು. ಒಂದು ನಳಿಕೆ ಹೋಯಿತು, ಇನ್ನೊಂದು ಉಳಿಯಿತು. ಆಫೀಸಿನವರು ಸರ್ಜರಿ ಹೇಗಾಯಿತು ಎಂದು ಕೇಳಿದರು, ಅಷ್ಟೇ. ನನಗೆ ಅವ್ವ ಇಲ್ಲ. ಆಂಟಾಪ್ ಹಿಲ್‌ನ ನಮ್ಮ ಒಂದು ಕೋಣೆಯ ಮನೆಗೆ ವಿಜಯಪುರದಿಂದ ದಾನವ್ವ ಬಂದಿಳಿದಾಗ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

"ಬಸರ ಇದ್ದಿಲ್ಲೇನು? ಮತ್ತ ಬಾಣಂತಿನ ನೀ," ಎಂದರು. ಯಾರೂ ಕೊಡದ ಹೆಸರನ್ನು ನನ್ನ ನೋವಿಗೆ ಅವರು ಕೊಟ್ಟರು. ತಲೆಗೆ ಬಟ್ಟೆ ಕಟ್ಟಿದರು, ಬಾಣಂತಿಯರಿಗೆ ಕೊಡುವ ಅಳ್ವಿ ಬೀಜದ ಪಾಯಸ ಕುಡಿಸಿದರು, ಲೋಬಾನದ ಹೊಗೆ ಹಾಕಿದರು. ಗಾಳಿ ಸೋಕದಿರಲೆಂದು ಈರುಳ್ಳಿ ಹೆಚ್ಚುವ ಚಾಕು ನನ್ನ ದಿಂಬಿನಡಿ ಹೋಯಿತು. ಅಡುಗೆಗೆ ಹೊಸದು ತರಬೇಕಾಯಿತು. ಮಂಚಕ್ಕೆ ಸೀರೆಯ ಪರದೆ ಬಿತ್ತು. ದಾದರಿನ ಬಟ್ಟೆ ಅಂಗಡಿಯಿಂದ ಬರುವ ನನ್ನ ಗಂಡ ಅನಿಕೇತ್ ಕಾಲು ತೊಳೆದು ಪರದೆಯ ಆಚೆ ನಿಂತೇ ಮಾತಾಡಿಸತೊಡಗಿದ.

ಅಲ್ಲಿಯವರೆಗೆ ಸರಿ. ಆಮೇಲೆ ಒಂದು ಮಧ್ಯಾಹ್ನ ಅತ್ತೆ ಟಿವಿ ಸದ್ದು ಇಳಿಸಿದರು.

"ಸಣ್ಣಗ ಇಡು. ಈಗ ಕಣ್ಣ ಮುಚ್ಚೇತಿ."

"ಯಾರು ಅತ್ತಿ?"

"ಪಾಪ, ಹಾದಿ ತಪ್ಪಿದ್ದ ಕೂಸು. ಈಗ ಮನಿ ಹುಡುಕ್ಕೊಂಡು ಬಂದೈತಿ."

ಹೇಳಿ ಶೇಂಗಾ ಸುಲಿಯಲು ಕೂತರು. ನನಗೆ ಮೈ ಜುಮ್ಮೆಂದಿತು. ಇವರಿಗೇನು ಹುಚ್ಚೇ ಎಂದು ಸಿಟ್ಟೂ ಬಂತು. ಅನಿಕೇತ್‌ಗೆ ಹೇಳಿದರೆ ನಗುತ್ತಾನೆ ಅಂದುಕೊಂಡೆ. ಅವನು ನಗಲಿಲ್ಲ. ಅವತ್ತಿನಿಂದ ಮನೆಯಲ್ಲಿ ತುದಿಗಾಲಲ್ಲಿ ನಡೆಯತೊಡಗಿದ. ಕುಕ್ಕರ್ ಸೀಟಿ ಹೊಡೆದರೂ ಬೆಚ್ಚಿ ಪರದೆಯ ಕಡೆ ನೋಡುತ್ತಿದ್ದ.

ಹುಚ್ಚು ಅಂಟುಜಾಡ್ಯವಿರಬೇಕು. ನಾನೂ ಮಂಚದಲ್ಲಿ ಗೋಡೆಯ ಕಡೆ ಹೊರಳುವುದನ್ನು ಬಿಟ್ಟಿದ್ದೆ. ಒಮ್ಮೆ ಅಲ್ಲಿ ಕೈ ಇಟ್ಟರೆ ಹಾಸಿಗೆ ಬೆಚ್ಚಗಿತ್ತು. ನಮ್ಮ ಕಿಟಕಿಗೆ ಬಿಸಿಲೇ ಬರುವುದಿಲ್ಲ, ಎದುರಿನ ಬಿಲ್ಡಿಂಗ್ ಅಡ್ಡ. ಕೈ ಹಿಂದಕ್ಕೆ ತೆಗೆಯಬೇಕಿತ್ತು. ತೆಗೆಯಲಿಲ್ಲ, ಮೆಲ್ಲಗೆ ತಟ್ಟುತ್ತ ಕೂತೆ.

ಹೊಲಿಗೆಗಳು ಮಾಯ್ದವು, ಮುಟ್ಟೂ ಬಂತು. ತಪಾಸಣೆಗೆ ಹೋದಾಗ ಡಾಕ್ಟರು, ಎಲ್ಲ ವಾಸಿಯಾಗಿದೆ, ಮನಸ್ಸಾದಾಗ ಗಂಡ ಹೆಂಡತಿ ಸೇರಬಹುದು, ಇನ್ನೊಂದು ಮಗುವಿಗೆ ಮಾತ್ರ ಸ್ವಲ್ಪ ಕಾಯಿರಿ ಎಂದರು. ಮನಸ್ಸು ನನಗಾಗಲೇ ಆಗಿತ್ತು. ನೋಯಬಹುದೆಂಬ ಭಯವೂ ಇತ್ತು. ಅದಕ್ಕಿಂತ ದೊಡ್ಡ ಭಯ, ಅನಿಕೇತ್ ಇನ್ನೆಂದೂ ಪರದೆ ದಾಟುವುದಿಲ್ಲವೇನೋ ಎಂಬುದು. ಗಂಡ ಕಣ್ಣೆದುರೇ ಇದ್ದು ಕೈತಪ್ಪಿ ಹೋಗುತ್ತಿದ್ದ.

ಅವನಿಗೆ ರಜೆಯಿದ್ದ ದಿನ, ಅತ್ತೆ ಕಾಯಿಪಲ್ಲೆ ತರಲು ಹೋದಾಗ, ಪರದೆ ಸರಿಸಿ ಅವನ ಕೈ ಹಿಡಿದು ಮಂಚದಲ್ಲಿ ಕೂರಿಸಿದೆ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಅವನು ನನ್ನ ಕೂದಲಲ್ಲಿ ಮುಖ ಇಟ್ಟ. ಎಷ್ಟು ದಿನದ ಮೇಲೆ ಆ ಉಸಿರು! ಅವನಿಗೆ ಜಾಗ ಕೊಡಲು ಗೋಡೆಯ ಕಡೆ ಸರಿಯಹೋದೆ. ಅವನು ನನ್ನ ಭುಜ ಗಟ್ಟಿಯಾಗಿ ಹಿಡಿದ.

"ಆ ಕಡೆ ಬ್ಯಾಡ. ಮಲಗೇತಿ."

"ನಿಂಗೂ ಕಾಣತೈತೇನು?"

"ಕಾಣಂಗಿಲ್ಲ. ಉಸಿರು ಕೇಳತೈತಿ." ಅವನು ಗೋಡೆಯ ಕಡೆಯೇ ನೋಡುತ್ತಿದ್ದ. "ನೇತ್ರಾ, ತೆಗೀರಿ ಅಂದಾಂವ ನಾನು. ಡಾಕ್ಟರ್ ಕೇಳಿದ್ರು, ನಾ ವಿಚಾರಾನೂ ಮಾಡ್ಲಿಲ್ಲ, ತೆಗೀರಿ ಅಂದೆ. ಅದು ಕೇಳಿಸ್ಕೊಂಡೈತಿ."

ನಾನೂ ಕಿವಿಗೊಟ್ಟೆ. ಫ್ಯಾನಿನ ಸದ್ದಿನ ಕೆಳಗೆ ಸಣ್ಣಗೆ, ಹೌದು, ಏನೋ ಇತ್ತು. ಸುಮ್ಮನೆ ಹೀಗೇ ಇದ್ದುಬಿಡೋಣ, ಮೂವರೂ, ಅನಿಸಿತು ಒಂದು ಗಳಿಗೆ. ಆ ಆಸೆಗೇ ನಾನು ಹೆದರಿದ್ದು.

ಅವನ ಕೈ ಬಿಡಿಸಿಕೊಂಡು ಹೋಗಿ ಆ ಬೆಚ್ಚನೆಯ ಜಾಗದಲ್ಲೇ ಮಲಗಿದೆ. ಬೆನ್ನ ಕೆಳಗೆ ಹಾಸಿಗೆ ಮೆಲ್ಲಮೆಲ್ಲಗೆ ತಣ್ಣಗಾಯಿತು.

"ಅದು ಸತ್ತೈತಿ ಅನಿಕೇತ್," ಎಂದೆ. ಆ ಮಾತನ್ನು ನಮ್ಮ ಮನೆಯಲ್ಲಿ ಅವತ್ತಿನವರೆಗೆ ಯಾರೂ ಆಡಿರಲಿಲ್ಲ. "ನೀ ತೆಗೀರಿ ಅನ್ನದಿದ್ರ ನಾನೂ ಹೋಗ್ತಿದ್ದೆ. ತೂನೆ ಬಚಾಯಾ ಮುಝೆ, ನನ್ನ ಉಳಿಸಿದಾಂವ ನೀನ. ಬಾ ಇಲ್ಲಿ."

ಅವನು ಬಂದ. ನನ್ನ ಹೊಟ್ಟೆಯ ಮೇಲಿನ ಕಲೆಗಳಿಗೆ ಕೆನ್ನೆ ಒತ್ತಿ ಅಳತೊಡಗಿದ. ಮೊದಲು ಸದ್ದಿಲ್ಲದೆ, ಆಮೇಲೆ ಬಾಯಿಬಿಟ್ಟು, ಉಸಿರು ಕಟ್ಟಿ ಕಟ್ಟಿ. ನಾನು ಅವನ ಬೆನ್ನು ಸವರುತ್ತಿದ್ದೆ.

ಬಾಗಿಲು ತೆರೆಯಿತು. ಅತ್ತೆ ಚೀಲ ಕೆಳಗಿಟ್ಟ ಸದ್ದು ಕೇಳಿಸಿತು.

"ಯವ್ವಾ, ಕೂಸು ಯಾಕ ಹಿಂಗ ಅಳಾಕತ್ತೇತಿ?" ಎಂದರು ಪರದೆಯ ಆಚೆಯಿಂದ.

"ಕೂಸಲ್ಲ ಅತ್ತಿ, ನಿಮ್ಮ ಮಗ."

ಅವರು ತಿರುಗಿ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಪಕ್ಕದ ಮನೆಯ ಬಸಲಿಂಗವ್ವ ನನ್ನನ್ನು ನೋಡಲು ಬಂದಿರಬೇಕು. ಅತ್ತೆ ಅವರನ್ನು ತಡೆದದ್ದು ಕೇಳಿಸಿತು.

"ಈಗ ಬ್ಯಾಡವಾ. ಒಳಗ ಗಂಡ ಹೆಂಡ್ತಿ ಇಬ್ಬರೇ ಅದಾರ."