ಪೊರಕೆ ತಾಗದ ಮೂಲೆ

ಚಿಕ್ಕಲಕ್ಷ್ಮಮ್ಮನ ತೋಟದ ನೆಲದ ಮೇಲೆ ಎಲೆ ಹಾಸದೆಯೇ ಊಟಕ್ಕೆ ಕೂರಬಹುದು ಎಂದು ವಿರೂಪಾಕ್ಷಿಪುರದ ಸುತ್ತಿನವರು ಹೊಗಳುತ್ತಿದ್ದರು. ಮರದಿಂದ ಉದುರಿದ ತರಗು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಗುಡಿಸಿ, ರಾಶಿ ಹಾಕಿ, ಬೆಂಕಿ ಇಡುವುದು ಅತ್ತೆಯ ಕಾಲದ ಪದ್ಧತಿ. ತರಗು ಬಿದ್ದ ತೋಟ ಸೋಮಾರಿ ಹೆಂಗಸಿನ ತೋಟ ಅನ್ನುವುದು ಊರಿನ ಲೆಕ್ಕ.

ಆದರೆ ಆ ಚೊಕ್ಕ ನೆಲದಲ್ಲಿ ಗಿಡವೇ ನಿಲ್ಲುತ್ತಿರಲಿಲ್ಲ. ಇಳಿಜಾರಿನ ತುಂಡಿನಲ್ಲಿ ಚನ್ನಪಟ್ಟಣದ ಗೊಂಬೆಗೆ ಬೇಕಾದ ಹಾಲೆ ಸಸಿಗಳನ್ನು ಎರಡು ಸಲ ನೆಟ್ಟಿದ್ದಾಯಿತು. ಎರಡು ಸಲವೂ ಬೇಸಿಗೆಗೆ ಒಣಗಿ ಕಡ್ಡಿಯಾದವು. ಗಂಡ ಮರಿಯಪ್ಪ ರೋಸಿಹೋಗಿದ್ದ.

"ಇನ್ನೊಂದು ಸಲ ನೋಡ್ತೀನಿ. ನಿಲ್ನಿಲ್ಲ ಅಂದ್ರೆ ಮಣ್ಣು ತೆಗೆಯೋರ್ಗೆ ಕೊಟ್ಬುಡ್ತೀನಿ ಕಣೆ. ಜೆಸಿಬಿ ಇಟ್ಕಂಡು ಕಾಯ್ತಾವ್ರೆ."

ಮಣ್ಣು ಹೋದರೆ ಉಳಿಯುವುದು ಗುಂಡಿ. ಗುಂಡಿಯಲ್ಲಿ ಏನು ಬಿತ್ತುವುದು? ಚಿಕ್ಕಲಕ್ಷ್ಮಮ್ಮ ಆ ಸಿಟ್ಟನ್ನೆಲ್ಲ ತರಗಿನ ಮೇಲೆ ತೀರಿಸಿಕೊಂಡಳು. ರಾಶಿ ಮಾಡಿ ಕಡ್ಡಿ ಗೀರುವಾಗ ನಾಹಿದಾ ಓಡಿ ಬಂದಳು. ನಾಹಿದಾಳ ಮನೆಯಲ್ಲಿ ಗೊಂಬೆ ಕಡೆಯುವ ಕೆಲಸ. ಹಾಲೆ ಮರ ಸಿಗದೆ ಮಷೀನು ನಿಲ್ಲತೊಡಗಿದಾಗ, ಗೊಂಬೆ ಕೆಲಸಗಾರರ ಸಂಘದವರೊಂದಿಗೆ ಮರ ಬೆಳೆಸುವ ತರಬೇತಿಗೆ ಹೋಗಿ ಬಂದವಳು. ಈ ಸಸಿಗಳನ್ನು ತಂದುಕೊಟ್ಟವಳೂ ಅವಳೇ.

"ಅಕ್ಕಾ, ತಡಿ! ಆರ್ಸು ಕಡ್ಡಿನ!"

"ಯಾಕವ್ವ, ಹಾವು ಸೇರ್ಕಳ್ಲಿ ಅಂತಾನಾ?"

"ಗಿಡದ ಅನ್ನಕ್ಕೇ ಬೆಂಕಿ ಇಕ್ತಿದ್ದೀಯಲ್ಲಕ್ಕ! ಅದಿರ್ಲಿ, ನಿನ್ನ ತೋಟದಾಗೆ ಪೊರಕೆ ತಾಗದ ಜಾಗ ಎಲ್ಲೈತೆ ಹೇಳು."

ಅಂಥ ಜಾಗ ಒಂದೇ ಇತ್ತು, ಆಕೆಗೆ ನಾಚಿಕೆ ತರುವ ಮೂಲೆ. ಬದುವಿನ ತುದಿಯಲ್ಲಿ ಹಳೇ ಹಾಲೆ ಮರ, ಅದರ ಬುಡದಲ್ಲಿ ಕಲ್ಲುಗುಡ್ಡೆ, ಎಂದೋ ಉರುಳಿ ಕೊಳೆತು ಲಡ್ಡಾದ ಒಂದು ದಿಮ್ಮಿ. ಅಲ್ಲಿ ಪೊರಕೆ ಆಡುತ್ತಿರಲಿಲ್ಲ. ನಾಹಿದಾ ತರಗು ಸರಿಸಿದಳು. ಚಿಕ್ಕಲಕ್ಷ್ಮಮ್ಮ ಕಣ್ಣು ಕಣ್ಣು ಬಿಟ್ಟಳು. ಯಾರೂ ನೆಡದ, ಯಾರೂ ನೀರು ಹಾಕದ ಹಾಲೆ ಸಸಿಯೊಂದು ಕಲ್ಲುಗುಡ್ಡೆಯ ಮರೆಯಲ್ಲಿ ಮೊಣಕಾಲುದ್ದ ಬೆಳೆದು ನಿಂತಿತ್ತು!

ನಾಹಿದಾ ಗುಡಿಸಿದ ನೆಲಕ್ಕೆ ಒಂದು ಚೊಂಬು ನೀರು ಸುರಿದಳು. ನೀರು ಜಾರಿ ಇಳಿಜಾರು ಹಿಡಿಯಿತು. ಮೂಲೆಗೊಂದು ಚೊಂಬು ಸುರಿದಳು. ನೆಲ ಗಟಗಟನೆ ಕುಡಿಯಿತು.

"ನೋಡಿದ್ಯಾ? ಇಲ್ಲಿ ಬಿಳೀ ನೂಲು ಕಾಣ್ತೈತಲ್ಲ, ಇದು ಎಲೆ ಕೊಳ್ಸೋ ಬೂಷ್ಟು. ಇನ್ನೊಂದು ಬೂಷ್ಟು ಐತೆ, ಕಣ್ಣಿಗೆ ಕಾಣಕಿಲ್ಲ. ಅದು ಬೇರೊಳಕ್ಕೇ ಸೇರ್ಕಂಡು ಆಚೆಗೆ ನೂಲು ಚಾಚ್ತದೆ. ಬೇರು ಮುಟ್ದೇ ಇರೋ ಕಡೆಯಿಂದ ನೀರು, ಸಾರ ತಂದ್ಕೊಡ್ತದೆ. ಗಿಡ ಅದಕ್ಕೆ ಒಸಿ ಸಕ್ಕರೆ ಕೊಡ್ತದೆ. ತರಬೇತೀಲಿ ಮೈಕೊರೈಜಾ ಅಂದ್ರು."

"ಬೂಷ್ಟು ಬಂದ್ರೆ ನಾವು ರೊಟ್ಟಿನೇ ಬಿಸಾಕ್ತೀವಿ, ನೀನು ಅದನ್ನೇ ಸಾಕು ಅಂತೀಯಲ್ಲೇ!"

"ಸಾಕದೇನು ಬ್ಯಾಡ, ಸುಡಬ್ಯಾಡ ಅಷ್ಟೆ. ತರಗು ಅದರ ಕಂಬಳಿ. ಕಂಬಳಿ ಕಿತ್ತು ಬಿಸಿಲಿಗೆ ಹಾಕಿ, ಮೇಲೆ ಬೆಂಕೀನೂ ಇಕ್ಕಿದ್ರೆ ಯಾವುದು ಬದುಕ್ತದೆ ಹೇಳು?"

"ಹಂಗಾದ್ರೆ ಬೆಟ್ಟದ ಕಾಡಿಂದ ಎರಡು ಮೂಟೆ ಮಣ್ಣು ತರಾಣ ಬಾ."

"ಕಾಡಿನ ನೆಲ ಕಾಡಿಗೇ ಬೇಕಕ್ಕ. ನಿನ್ನ ಮೂಲೇಲೇ ಐತಲ್ಲ!"

ಮಳೆ ಹಿಡಿದಾಗ ಮೂರನೇ ಸಲ ಸಸಿ ನೆಟ್ಟರು. ಪ್ರತಿ ಗುಂಡಿಗೂ ಮೂಲೆಯಿಂದ ಸಣ್ಣ ಬೇರು ಬೆರೆತ ಒಂದು ಹಿಡಿ ಮಣ್ಣು. ಬುಡಕ್ಕೆ ತಾಗದಂತೆ ಸುತ್ತ ತರಗಿನ ಹೊದಿಕೆ. ಕಿಡಿ ದಾಟಿ ಬರದಿರಲೆಂದು ರಸ್ತೆ ಬದಿಯ ಪಟ್ಟಿಯನ್ನು ಮಾತ್ರ ಗುಡಿಸಿ ಬಿಟ್ಟರು. ಮರಿಯಪ್ಪ ನಕ್ಕ.

"ಅಡಡೆ, ಕಸ ಬೆಳೀತಾವ್ಳೆ ನಮ್ಮನೇವ್ಳು! ಒಂದು ಸಾಲು ನನಗೆ ಬುಡು, ಚೊಕ್ಕವಾಗಿಟ್ಟು ತೋರಿಸ್ತೀನಿ."

ದಾರಿಹೋಕರು ಆಕೆಗೆ ಸೋಮಾರಿ ಪಟ್ಟ ಕಟ್ಟಿದರು. ಚಿಕ್ಕಲಕ್ಷ್ಮಮ್ಮ ಹಲ್ಲು ಕಚ್ಚಿ ಸಹಿಸಿದಳು, ಪೊರಕೆ ಮಾತ್ರ ಮುಟ್ಟಲಿಲ್ಲ.

ಬೇಸಿಗೆ ಬಂತು. ಮರಿಯಪ್ಪನ ಸಾಲು ಮತ್ತೆ ಒಣಗಿತು. ತರಗು ಹೊದ್ದ ಸಾಲುಗಳಲ್ಲಿ ನಾಲ್ಕಾರು ಸತ್ತವು, ಉಳಿದವು ಚಿಗುರಿದವು. ಮರಿಯಪ್ಪ ಕುಕ್ಕರಗಾಲಲ್ಲಿ ಕೂತು ತರಗಿನಡಿ ಕೈ ತೂರಿಸಿದ. ಉರಿಬಿಸಿಲಲ್ಲೂ ಮಣ್ಣು ತಣ್ಣಗಿತ್ತು.

ಅಷ್ಟರಲ್ಲಿ ಮಣ್ಣಿನವನು ಜೆಸಿಬಿ ಸಮೇತ ಬಂದ. "ಏನ್ ಮರಿಯಪ್ಪಣ್ಣ, ಶುರು ಮಾಡಾಣ್ವಾ?"

ಮರಿಯಪ್ಪ ಎದ್ದು ನಿಲ್ಲುವಷ್ಟರಲ್ಲಿ ಚಿಕ್ಕಲಕ್ಷ್ಮಮ್ಮ ಹಟ್ಟಿಯಿಂದ ಉದ್ದ ಪೊರಕೆ ಹಿಡಿದು ಬಂದಳು.

"ಈ ಪೊರಕೇಲಿ ಎಲೆ ಗುಡ್ಸಾದು ಬುಟ್ಟಿವ್ನಿ ಕಣಪ್ಪ. ನಿಮ್ಮಂಥೋರ್ನ ಗುಡ್ಸಾಕೆ ಇಟ್ಕಂಡಿವ್ನಿ!"

"ಹೋಗಪ್ಪ, ಗಾಡಿ ತಿರುಗ್ಸು," ಅಂದ ಮರಿಯಪ್ಪ. "ಅವಳು ಗುಡ್ಸಿದ್ರೆ ಒಂದು ಎಲೇನೂ ಉಳಿಯಾಕಿಲ್ಲ, ನನಗೆ ಗೊತ್ತು."

ರಾಮನಗರ, ಕನಕಪುರ, ಮಾಗಡಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ! ಮರ ತನ್ನ ನೆಲಕ್ಕೆಂದು ಉದುರಿಸಿದ್ದನ್ನು ಸುಟ್ಟು, ಆಮೇಲೆ ಗೊಬ್ಬರದಂಗಡಿ ಮುಂದೆ ಸಾಲು ನಿಲ್ಲುತ್ತೇವಲ್ಲ, ನಮಗೇನು ಬಂದಿದೆ ಕೇಡು? ಹುಲ್ಲು ಚೆನ್ನಾಗಿ ಬರುತ್ತದೆಂದು ಬೆಟ್ಟಕ್ಕೂ ಬೆಂಕಿ ಇಡುತ್ತೇವಲ್ಲ, ಆ ನೆಲದೊಳಗೆ ಸಾಯುವುದನ್ನು ಯಾರು ಹುಟ್ಟಿಸಿಕೊಡುತ್ತಾರೆ? ಮನೆಯಂಗಳ ಗುಡಿಸಿ, ಬೇಡ ಅನ್ನುವವರಿಲ್ಲ. ತೋಟದ ತರಗು ತೋಟದಲ್ಲೇ ಕೊಳೆಯಲಿ, ಬಿದ್ದ ದಿಮ್ಮಿ ಬಿದ್ದಲ್ಲೇ ಲಡ್ಡಾಗಲಿ. ಈ ವರ್ಷ ಒಂದೇ ಒಂದು ಸಾಲು ಬಿಟ್ಟು ನೋಡಿ. ಬೆಂಕಿಪೊಟ್ಟಣ ಒಲೆಯ ಹತ್ತಿರವೇ ಇರಲಿ.