ಎರಡಿಂಚು ಹೆಚ್ಚಿನ ತೋಳು

ಬಾಯಿ ಮುಚ್ಚಿಕೊಂಡು ಕೂರುವುದು ಆ ಟೈಲರ್‌ನ ಜಾಯಮಾನದಲ್ಲೇ ಇರಲಿಲ್ಲ. ಅದರಲ್ಲೂ ಕ್ರಿಕೆಟ್ ಮಾತು ಬಂತೆಂದರೆ ಕತ್ತರಿ ಒಂದು ಕಡೆ, ಬಟ್ಟೆ ಒಂದು ಕಡೆ, ಆಸಾಮಿ ಇನ್ನೊಂದು ಕಡೆ. ಅಂಗಡಿಯ ಗೋಡೆಯಲ್ಲಿ, ಹೊಲಿದು ತೂಗುಹಾಕಿದ ಪ್ಯಾಂಟುಗಳ ಮೇಲುಗಡೆ, ಒಂದು ಹಳೆಯ ಟಿವಿ. ಅದರ ಕೆಳಗೆ ಕೂತು ಎಸೆತ ಎಸೆತಕ್ಕೂ ತೀರ್ಪು ಕೊಡುತ್ತಿದ್ದುದರಿಂದ ಬೀದಿಯವರು ಅವನಿಗೆ ಥರ್ಡ್ ಅಂಪೈರ್ ಎಂದು ಹೆಸರಿಟ್ಟಿದ್ದರು. ಗೇಲಿಗೆ ಇಟ್ಟ ಹೆಸರು ಅದು. ಅವನು ಬಿರುದು ಅಂದುಕೊಂಡಿದ್ದ.

ಅವನ ಅಭಿಪ್ರಾಯಗಳಿಗೆ ಲೆಕ್ಕವಿರಲಿಲ್ಲ. ಆಯ್ಕೆ ಸಮಿತಿಯವರು ಟೀ ಕುಡಿಯಲಷ್ಟೇ ಲಾಯಕ್ಕು. ನಾಯಕನ ಗೆಳೆಯನಾದರೆ ಸೊನ್ನೆ ಹೊಡೆದರೂ ತಂಡದಲ್ಲಿ ಜಾಗ ಗಟ್ಟಿ. ಚೆಂಡು ಬೌಲರ್‌ನ ಕೈಬಿಡುವ ಮೊದಲೇ ಗೆರೆ ದಾಟಿ ಓಡುವವನನ್ನು ಔಟ್ ಮಾಡುವುದು ಮೋಸವೇ ಅಲ್ಲ, ಟಿಕೆಟ್ ಇಲ್ಲದವನನ್ನು ಬಸ್ಸಿನಿಂದ ಇಳಿಸಿದ ಹಾಗೆ. ಮಳೆ ಬಂದಾಗ ಹಾಕುವ ಲೆಕ್ಕ ಯಾರಿಗೂ ಅರ್ಥವಾಗುವುದಿಲ್ಲ, ಹಾಕಿದವನಿಗೂ ಸೇರಿ. ಇವೆಲ್ಲಕ್ಕಿಂತ ದೊಡ್ಡ ಸಿಟ್ಟು ಅಂಪೈರ್‌ಗಳ ಮೇಲೆ.

"ಕಣ್ಣಿಲ್ಲ, ಕಿವಿಯಿಲ್ಲ, ಹೋಗಲಿ. ತಪ್ಪಾಯ್ತು ಅಂತ ಒಪ್ಕೊಳ್ಳೋಕೆ ಬಾಯಾದ್ರೂ ಬೇಡ್ವಾ? ಆ ಜಾಗದಲ್ಲಿ ನಾನಿದ್ದಿದ್ರೆ..."

"ಆ ಜಾಗದಲ್ಲಿ ನೀವಿದ್ದಿದ್ರೆ ಈ ಜಾಗ ಸ್ವಲ್ಪ ತಣ್ಣಗಿರ್ತಿತ್ತು," ಅಂದಳು ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಹೆಂಡತಿ, ತಲೆ ಕೂಡ ಎತ್ತದೆ.

ಪ್ರತಿ ವರ್ಷ ಮಾರುಕಟ್ಟೆಯ ಅಂಗಡಿಯವರಿಗೂ ಬಸ್ ಡಿಪೋದವರಿಗೂ ಒಂದು ಮ್ಯಾಚ್ ನಡೆಯುತ್ತಿತ್ತು. ಈ ಸಲ ಅಂಗಡಿಯವರು ಹನ್ನೊಂದು ಬಿಳಿ ಅಂಗಿ ಹೊಲಿಯಲು ಕೊಟ್ಟರು. ಗಂಡ ಅಳತೆ ಹಿಡಿದು ಹೇಳುವುದು, ಹೆಂಡತಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಅದು ಆ ಅಂಗಡಿಯ ಪದ್ಧತಿ. ಹತ್ತು ಜನರ ಅಳತೆ ಸಲೀಸಾಗಿ ಮುಗಿಯಿತು. ಹನ್ನೊಂದನೆಯವನು ಅವಳ ತಮ್ಮ. ಮಾರುಕಟ್ಟೆಯಲ್ಲಿ ಬೀಗ ರಿಪೇರಿ ಮಾಡುತ್ತಿದ್ದ, ಮ್ಯಾಚಿನಲ್ಲಿ ಮೊದಲಿಗನಾಗಿ ಬ್ಯಾಟಿಂಗ್‌ಗೆ ಇಳಿಯುತ್ತಿದ್ದ. ಅವನು ಕೈ ಚಾಚಿ ನಿಂತ ಹೊತ್ತಿಗೆ ಟಿವಿಯಲ್ಲಿ ಕೊನೆಯ ಎರಡು ಓವರ್. ಟೈಲರ್‌ನ ಕೈ ಭಾಮೈದನ ತೋಳಿನ ಮೇಲಿತ್ತು, ಕಣ್ಣು ಟಿವಿಯ ಮೇಲೆ.

"ತೋಳು ಎಷ್ಟು ರೀ?"

"ಇಪ್ಪತ್ತಾರು!"

"ಇಪ್ಪತ್ತಾರಾ?"

"ಇಪ್ಪತ್ತಾರೇ ಕಣೇ! ಹನ್ನೆರಡು ಬಾಲಿಗೆ!"

ಹನ್ನೆರಡು ಬಾಲಿನ ತೋಳು ಎಲ್ಲಾದರೂ ಉಂಟೇ? ಆದರೆ ಅಷ್ಟು ಹೊತ್ತಿಗೆ ಒಂದು ವಿಕೆಟ್ ಬಿತ್ತು, ಟೈಲರ್ ಮೇಜು ಗುದ್ದಿದ, ಅವಳು ಅವನ ಬಾಯಲ್ಲಿ ಬಂದದ್ದನ್ನೇ ಬರೆದುಕೊಂಡಳು. ಅಂಗಿ ಹಾಕಿಕೊಂಡು ನೋಡಿದರೆ ತೋಳು ಹೆಬ್ಬೆರಳ ಬುಡದವರೆಗೆ ಜೋತುಬಿತ್ತು. "ಎರಡಿಂಚು ಹೆಚ್ಚಾಗಿದೆ, ಬಿಚ್ಚಿ ಸರಿಮಾಡಿ," ಅಂದಳು ಹೆಂಡತಿ. "ಅದು ಬೇಕಂತಲೇ ಇಟ್ಟಿರೋದು. ಬ್ಯಾಟ್ ಬೀಸೋಕೆ ಸಡಿಲ ಬೇಕು. ನಿಂಗೇನು ಗೊತ್ತು ಕ್ರಿಕೆಟ್ಟು!" ಅಂದ ಇವನು. ತೋಳು ಹಾಗೇ ಉಳಿಯಿತು.

ಮ್ಯಾಚಿಗೆ ಎರಡು ದಿನ ಇರುವಾಗ, ವರ್ಷಾವರ್ಷ ಅಂಪೈರ್ ಆಗುತ್ತಿದ್ದ ಪೋಸ್ಟ್‌ಮ್ಯಾನ್ ಕಾಲು ಉಳುಕಿಸಿಕೊಂಡ. ಯಾರೋ ತಮಾಷೆಗೆ ಥರ್ಡ್ ಅಂಪೈರ್ ಹೆಸರು ಹೇಳಿದರು. ಡಿಪೋ ತಂಡದ ನಾಯಕನಾದ ಮೆಕ್ಯಾನಿಕ್ ಕೂಡಲೇ ಒಪ್ಪಿದ. "ಆ ಮನುಷ್ಯ ಎಲ್ಲರನ್ನೂ ಸಮನಾಗಿ ಬೈತಾನೆ. ಭೇದಭಾವ ಇಲ್ಲ," ಅಂದನಂತೆ.

ಸುದ್ದಿ ಅಂಗಡಿಗೆ ಬಂದಾಗ ಭಾಮೈದ ಅಲ್ಲೇ ಇದ್ದ. "ಭಾವ, ಬಾಯಲ್ಲಿ ಅಂಪೈರಿಂಗ್ ಮಾಡೋದು ಬೇರೆ, ಬಿಸಿಲಲ್ಲಿ ನಿಂತು ಮಾಡೋದು ಬೇರೆ."

"ಲೋ, ಆ ಟಿವೀಲಿ ಬರೋ ಅಷ್ಟೂ ಜನಕ್ಕೆ ಪಾಠ ಹೇಳ್ತೀನಿ ನಾನು."

"ಹಾಗಾದ್ರೆ ಒಂದು ಮಾತು. ಒಂದೇ ಒಂದು ತಪ್ಪು ತೀರ್ಪು ಕೊಟ್ರೂ ಈ ಸೀಸನ್ ಮುಗಿಯೋ ತನಕ ಮ್ಯಾಚ್ ನಡೀವಾಗ ನಿಮ್ಮ ಬಾಯಿಂದ ಒಂದಕ್ಷರ ಬರಬಾರದು. ಒಂದೂ ತಪ್ಪಿಲ್ಲ ಅಂದ್ರೆ, ನೀವೇನು ಹೇಳಿದ್ರೂ ನಾವು ಎದುರು ಮಾತಾಡಲ್ಲ. ಒಪ್ಪಿಗೆನಾ?"

"ಒಪ್ಪಿಗೆ," ಅಂದಳು ಹೆಂಡತಿ, ಗಂಡ ಬಾಯಿ ತೆರೆಯುವ ಮೊದಲೇ.

ಊಟ ಬಿಡು ಅಂದಿದ್ದರೆ ಅವನು ಬಿಡುತ್ತಿದ್ದ. ಸೀಸನ್ ಮುಗಿಯಲು ಇನ್ನೂ ಆರು ವಾರ ಇತ್ತು. ಆರು ವಾರ ಮಾತಿಲ್ಲದೆ ಮ್ಯಾಚ್ ನೋಡುವುದೆಂದರೆ ಬದುಕಿದ್ದೂ ಏನು ಬಂತು? ಆದರೆ ಎದುರು ಮಾತಾಡದ ಹೆಂಡತಿ, ಎದುರು ಮಾತಾಡದ ಭಾಮೈದ! ಆ ಆಸೆಗೆ ಬಿದ್ದು ಹೂಂ ಅಂದುಬಿಟ್ಟ.

ಮ್ಯಾಚಿನ ದಿನ ಬಿಳಿ ಕೋಟು, ಅಗಲ ಅಂಚಿನ ಟೋಪಿ, ಎಸೆತ ಎಣಿಸಲು ಜೇಬಿನಲ್ಲಿ ಕೋಟಿನ ಆರು ಗುಂಡಿ. ಅಭ್ಯಾಸಬಲದಿಂದ ಅಳತೆ ಟೇಪೂ ಕೊರಳಲ್ಲೇ ಬಂದಿತ್ತು, ಅವನಿಗೆ ಅದರ ಪರಿವೆಯಿರಲಿಲ್ಲ. ಡಿಪೋದವರು ಮೊದಲು ಆಡಿ ನೂರಾ ಮೂವತ್ತು ಹೊಡೆದರು. ಅಷ್ಟು ಹೊತ್ತಿನಲ್ಲಿ ಅವನು ಒಂದೂ ತಪ್ಪು ಮಾಡಲಿಲ್ಲ. ಆದರೆ ಟಿವಿಯಲ್ಲಿ ಮೂರು ಸಲ ನಿಧಾನಕ್ಕೆ ತೋರಿಸುತ್ತಿದ್ದ ಚೆಂಡು ಇಲ್ಲಿ ಒಂದೇ ಸಲ ಬರುತ್ತಿತ್ತು, ಅದೂ ಕಣ್ಣಿಗೆ ಬೆವರು ಇಳಿದ ಗಳಿಗೆಯನ್ನೇ ನೋಡಿಕೊಂಡು. ಪ್ರತಿ ಎಸೆತಕ್ಕೂ ಹನ್ನೊಂದು ಗಂಟಲು ಒಟ್ಟಿಗೆ ಹರಿದುಕೊಳ್ಳುತ್ತಿದ್ದವು. ನಾನು ಬೈದವರೆಲ್ಲ ಹೀಗೇ ನಿಂತಿದ್ದರೇನೋ ಎಂಬ ಯೋಚನೆ ಒಮ್ಮೆ ಬಂತು. ಓಡಿಸಿದ.

ಅಂಗಡಿಯವರ ಸರದಿಯಲ್ಲಿ ಭಾಮೈದ ಚೆನ್ನಾಗಿಯೇ ಆಡುತ್ತಿದ್ದ. ಮೂವತ್ತೊಂದು ಆಗಿತ್ತು. ಮೆಕ್ಯಾನಿಕ್ ಓಡಿಬಂದು ಒಂದು ಚೆಂಡನ್ನು ಎದೆಮಟ್ಟಕ್ಕೆ ಎಗರಿಸಿದ. ಇವನು ಬೀಸಿದ. ಏನೋ ಸದ್ದಾಯಿತು. ಕೀಪರ್ ಹಿಡಿದ. ಹನ್ನೊಂದು ಜನ ಕುಣಿದು ಕೂಗಿದರು. ಟೈಲರ್‌ನ ಬೆರಳು ಮೇಲೆ ಹೋಯಿತು, ಯೋಚನೆ ಅದರ ಹಿಂದೆ ಏದುಸಿರು ಬಿಡುತ್ತಾ ಬಂತು.

ಭಾಮೈದ ಒಂದು ಸಲ ನೋಡಿದ. ಜಗಳವಾಡಲಿಲ್ಲ. ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಅವನ ಪಕ್ಕದಲ್ಲೇ ಹಾದು, ಹೆಲ್ಮೆಟ್ ತೆಗೆಯಲು ಕೈಯೆತ್ತಿದ. ಮಣಿಕಟ್ಟಿನ ಕೆಳಗೆ ಜೋತುಬಿದ್ದ ತೋಳಿನ ಮಡಿಕೆಯಲ್ಲಿ ಹುಣಸೆ ಬೀಜದಷ್ಟು ಅಗಲದ ಕೆಂಪು ಗುರುತು. ಹೊಸ ಚೆಂಡಿನ ಬಣ್ಣ.

ಟೈಲರ್‌ನ ಕಣ್ಣು ಅಲ್ಲೇ ನಿಂತಿತು. ಆಗ ಕೇಳಿದ್ದು ಬಟ್ಟೆಯ ಸದ್ದು! ಮೂವತ್ತು ವರ್ಷ ಬಟ್ಟೆಯ ನಡುವೆಯೇ ಕಳೆದ ಕಿವಿಗೆ ಬಟ್ಟೆಯ ಸದ್ದು ತಿಳಿಯಲಿಲ್ಲವೇ? ಅದೂ ತಾನೇ ಹೊಲಿದ ಬಟ್ಟೆ. ಹನ್ನೆರಡು ಬಾಲಿಗೆ ಇಪ್ಪತ್ತಾರು.

ಬೇರೆ ಯಾರೂ ಆ ಗುರುತು ನೋಡಿರಲಿಲ್ಲ. ಸಂಜೆ ಅಂಗಿ ಒಗೆದರೆ ಅದೂ ಇರುವುದಿಲ್ಲ. ಸುಮ್ಮನಿದ್ದರೆ ಆರು ವಾರ ಬಾಯಿಯೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಭಾಮೈದ ಹತ್ತು ಹೆಜ್ಜೆ ಹೋದ. ಹದಿನೈದು ಹೆಜ್ಜೆ ಹೋದ. ಟೈಲರ್ ಹಲ್ಲು ಕಚ್ಚಿದ.

"ಲೋ! ನಿಲ್ಲೋ ಅಲ್ಲೇ! ವಾಪಸ್ ಬಾ. ನಾಟ್ ಔಟ್!"

ಮೆಕ್ಯಾನಿಕ್ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದ. "ಏನ್ರೀ ಥರ್ಡ್ ಅಂಪೈರ್? ಆ ಕಡೆಯಿಂದ ಯಜಮಾನ್ತಿ ಕಣ್ಣು ಬಿಟ್ರಾ?"

"ಯಜಮಾನ್ತಿ ವಿಷಯ ತೆಗೀಬೇಡ. ಬಾಲ್ ಬ್ಯಾಟಿಗೆ ತಾಗಿಲ್ಲ. ಅಂಗಿಗೆ ತಾಗಿದ್ದು."

"ಭಾಮೈದ ಅಂದ್ರೆ ಅಂಗಿಗೆ ತಾಗುತ್ತೆ. ನಮ್ಮ ಹುಡುಗರಾಗಿದ್ರೆ ಬ್ಯಾಟಿಗೇ ತಾಗ್ತಿತ್ತು, ಅಲ್ವಾ?"

ಟೈಲರ್‌ನ ಕಿವಿ ಕೆಂಪಾಯಿತು. ಕೊರಳಿಂದ ಟೇಪ್ ಕಿತ್ತು, ಪಿಚ್ಚಿನ ನಡುವೆಯೇ ಭಾಮೈದನ ಕೈ ಎಳೆದು ಭುಜದಿಂದ ಮಣಿಕಟ್ಟಿಗೆ ಹಿಡಿದ.

"ನೋಡಿ. ಕೈ ಎಷ್ಟು? ಇಪ್ಪತ್ನಾಲ್ಕು. ಅಂಗಿ ತೋಳು ಎಷ್ಟು? ಇಪ್ಪತ್ತಾರು. ಆ ಎರಡಿಂಚಿಗೆ ತಾಗಿದೆ ನಿನ್ನ ಬಾಲು, ಇಲ್ನೋಡು ಬಣ್ಣ. ಆ ಎರಡಿಂಚು ಹೆಚ್ಚು ಹೊಲಿದವನು ಯಾರು? ನಾನು! ಅಳತೆ ಹಿಡಿಯೋವಾಗ ಟಿವಿ ನೋಡ್ತಿದ್ದೆ. ಹೊಲಿದಿದ್ದೂ ತಪ್ಪು, ಬೆರಳೆತ್ತಿದ್ದೂ ತಪ್ಪು. ಸಾಕಾ? ಇನ್ನೂ ಏನಾದ್ರೂ ಬೇಕಾ?"

ಮೆಕ್ಯಾನಿಕ್ ಬಗ್ಗಿ ಗುರುತು ನೋಡಿದ. ಅವನ ಮೀಸೆ ಅದುರತೊಡಗಿತು. ಅಷ್ಟರಲ್ಲಿ ಸ್ಲಿಪ್ಪಿನಲ್ಲಿ ನಿಂತಿದ್ದ ಡ್ರೈವರ್ ಕೂಗಿದ: "ಒಪ್ಕೊಳ್ಳೋ ಮನಸ್ಸು ಬಂದಿರೋವಾಗಲೇ ನನ್ನ ಪ್ಯಾಂಟಿನ ಸೊಂಟದ ವಿಷಯನೂ ಒಪ್ಕೊಂಡುಬಿಡಿ ಸ್ವಾಮಿ!" ಇಡೀ ಮೈದಾನ ಗೊಳ್ಳೆಂದಿತು. ಹೊರಗೆ ಕೂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಆಡಲಿ ಬಿಡ್ರೋ," ಅಂದ ಮೆಕ್ಯಾನಿಕ್, ಕಣ್ಣೊರೆಸಿಕೊಳ್ಳುತ್ತಾ.

ಮುಂದಿನ ಎಸೆತಕ್ಕೇ ಭಾಮೈದನ ನಡುವಿನ ಸ್ಟಂಪು ಎಗರಿಹೋಯಿತು.

"ಭಾವ, ಇದಕ್ಕೂ ತೋಳೇ ಕಾರಣ ಅಂತ ಹೇಳಿಬಿಡಿ."

"ಇದಕ್ಕೆ ತಲೆ ಕಾರಣ. ನಡಿ."

ಅಂಗಡಿಯವರು ಒಂಬತ್ತು ರನ್ನಿನಿಂದ ಸೋತರು. ಮರುದಿನ ಅಂಗಡಿಯಲ್ಲಿ ಪಣದ ಮಾತು ಎದ್ದಿತು. ತಿದ್ದಿದ ತಪ್ಪು ತಪ್ಪೇ ಅಲ್ಲ ಎಂದು ಟೈಲರ್ ಅರ್ಧ ಗಂಟೆ ವಾದಿಸಿದ. ಹೆಂಡತಿ ದಾರ ಕಚ್ಚಿ ತುಂಡು ಮಾಡಿ ಕೇಳಿದಳು: "ಬೆರಳು ಮೇಲೆ ಹೋಯ್ತಾ, ಇಲ್ವಾ?"

"ಹೋಯ್ತು. ಆದ್ರೆ..."

"ಬಾಯಿ ಮುಚ್ಚಿ."

ಹಾಗೆ ಶುರುವಾಯಿತು ಆರು ವಾರದ ಮೌನ. ಮ್ಯಾಚ್ ಹಾಕಿದ ಕೂಡಲೇ ಅವನು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದ. ಮಾತು ನುಗ್ಗಿಬಂದರೆ ಸೂಜಿ ಚುಚ್ಚಬೇಕು, ಹಾಗೆ. ಟಿವಿ ಮುಂದೆ ಮಾತಿಲ್ಲದೆ ಅಂಗಡಿ ಬಿಕೋ ಅನ್ನತೊಡಗಿದಾಗ ಹೆಂಡತಿಯೇ ಒಂದೊಂದು ಹೇಳಲು ಹಿಡಿದಳು. "ಆ ಹುಡುಗ ಮುಂಗಾಲು ತೆಗೀತಾನೇ ಇಲ್ಲ, ಇನ್ನೆರಡು ಬಾಲಿಗೆ ಹೋಗ್ತಾನೆ." ಎರಡನೆಯದಕ್ಕೇ ಹೋದ. ಟೈಲರ್ ಸೂಜಿ ಕಚ್ಚಿಕೊಂಡೇ ಅವಳನ್ನು ದುರುಗುಟ್ಟಿಕೊಂಡು ನೋಡಿದ. ಇಷ್ಟು ವರ್ಷ ಇವಳು ಕಾಜಾ ಹೊಲಿಯುತ್ತಿದ್ದಳೋ, ಮ್ಯಾಚ್ ನೋಡುತ್ತಿದ್ದಳೋ? ಅಂಗಿ ಹೊಲಿಸದವರೂ ಅವಳ ಮಾತು ಕೇಳಲೆಂದೇ ಬಂದು ಬಾಗಿಲಲ್ಲಿ ನಿಲ್ಲತೊಡಗಿದರು.

ಐದನೇ ವಾರ ಒಂದು ದೊಡ್ಡ ಮ್ಯಾಚು. ಅಂಪೈರ್ ಬೆರಳೆತ್ತಿದ. ನಿಧಾನಕ್ಕೆ ತೋರಿಸಿದಾಗ ಚೆಂಡಿಗೂ ಬ್ಯಾಟಿಗೂ ನಡುವೆ ಕತ್ತರಿ ತೂರುವಷ್ಟು ಜಾಗ. ಅಂಗಡಿ ಹುಯಿಲೆದ್ದಿತು.

"ಕಣ್ಣಿಲ್ವಾ ಅವನಿಗೆ?" ಅಂದ ಭಾಮೈದ. "ಕಿವಿನೂ ಇಲ್ಲ," ಅಂದಳು ಹೆಂಡತಿ. ಎಲ್ಲರೂ ಅಭ್ಯಾಸದಂತೆ ಟೈಲರ್‌ನ ಕಡೆ ತಿರುಗಿದರು.

ಅವನು ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟ. ಟಿವಿಯಲ್ಲಿ ಆ ಅಂಪೈರ್ ಟೋಪಿ ತೆಗೆದು ಹಣೆ ಒರೆಸಿಕೊಳ್ಳುತ್ತಿದ್ದ.

"ಅಲ್ಲಿ ತುಂಬಾ ಬಿಸಿಲಿರುತ್ತೆ ಕಣ್ರೋ," ಅಂದ.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ, ಗಂಡನ ಕಡೆ ನೋಡದೆಯೇ ನಕ್ಕಳು.

"ಮಾತಾಡಿದಿರಿ. ಮುಂದಿನ ಸೀಸನ್‌ನಲ್ಲೂ ಒಂದು ವಾರ ಜಾಸ್ತಿ."

ಅವನು ಗುಂಡುಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡ.